ನಿದ್ದೆ ಮಾಡುವ ಕೃಷ್ಣನ ತಾಲೀಮು

ಅಧ್ಯಕ್ಷರೇ, ದತ್ತಿ ಇಟ್ಟ ಮನೆಯವರೇ, ಮುಂದಿನ ಸಾಲಿನಲ್ಲಿರುವ ಹಾರ್ಮೋನಿಯಂ ಮೇಷ್ಟ್ರುಗಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಭೀಮ ದುರ್ಯೋಧನರೇ,

ನಟನೊಬ್ಬ ಪಾತ್ರಕ್ಕೆ ಹೇಗೆ ತಯಾರಾಗುತ್ತಾನೆ ಎಂಬುದರ ಬಗ್ಗೆ ಮಾತಾಡಿ ಎಂದಿದ್ದೀರಿ. ಈ ವಿಷಯಕ್ಕೆ ಒಂದು ಸಿದ್ಧ ದಾರಿ ಇದೆ. ಭರತಮುನಿಯಿಂದ ಹೊರಟು, ನಾಲ್ಕು ಬಗೆಯ ಅಭಿನಯ ಹೇಳಿ, ರಷ್ಯಾದ ಸ್ತಾನಿಸ್ಲಾವ್‌ಸ್ಕಿಯ ಹತ್ತಿರ ಒಂದು ರಾತ್ರಿ ತಂಗಿ, ಹೆಗ್ಗೋಡನ್ನೂ ಮೈಸೂರಿನ ರಂಗಾಯಣವನ್ನೂ ಮುಟ್ಟಿ ಊರಿಗೆ ಬರುವುದು. ಆ ದಾರಿಯಲ್ಲಿ ಹೋದರೆ ಚಿಕ್ಕಬಳ್ಳಾಪುರ ತಲುಪುವಷ್ಟರಲ್ಲಿ ನಿಮಗೆ ಊಟದ ಹೊತ್ತು ಮೀರಿರುತ್ತದೆ. ಹಾಗಾಗಿ ಊರಿಂದಲೇ ಹೊರಡುತ್ತೇನೆ.

ಸ್ತಾನಿಸ್ಲಾವ್‌ಸ್ಕಿ ನಟನ ತಯಾರಿ ಕುರಿತು ಬರೆದ ಪುಸ್ತಕ ಇಂಗ್ಲಿಷಿನಲ್ಲಿ ಬಂದದ್ದು 1936ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1934ರಲ್ಲಿ, ಗುಬ್ಬಿ ವೀರಣ್ಣನವರ ಕಂಪನಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಆನೆ, ಕುದುರೆಗಳ ಸಮೇತ ರಂಗಕ್ಕೆ ತಂದಿತು. ಇಂಗ್ಲಿಷ್ ಪುಸ್ತಕ ನಾಟಕ ಶಾಲೆಗಳಿಗೆ ಹೋಯಿತು, ಕುರುಕ್ಷೇತ್ರ ಹಳ್ಳಿಗಳಿಗೆ ಬಂತು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಊರುಗಳಲ್ಲಿ ಇವತ್ತು ಆಡುವ ಕುರುಕ್ಷೇತ್ರ ಪುಟ್ಟಸ್ವಾಮಯ್ಯನವರದೇ ಎಂದು ಹೇಳಲಾಗದಷ್ಟು ಮೇಷ್ಟ್ರುಗಳ ಕೈ ದಾಟಿದೆ. ಒಬ್ಬರು ಒಂದು ಕಂದ ಸೇರಿಸಿದ್ದಾರೆ, ಇನ್ನೊಬ್ಬರು ಸಿನಿಮಾ ಧಾಟಿಯ ಒಂದು ಹಾಡು ತುರುಕಿದ್ದಾರೆ. ಆನೆ ಹೋಗಿದೆ, ಗದೆ ಉಳಿದಿದೆ.

ಈ ನಾಟಕದಲ್ಲಿ ಪಾತ್ರ ಸಿಗುವುದು ಹೇಗೆಂದು ಪಟ್ಟಣದಿಂದ ಬಂದವರಿಗೆ ಹೇಳಿದರೆ ನಗುತ್ತಾರೆ. ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ಪಾರ್ಟಿಗೆ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ ದುಬಾರಿ. ಭೀಮ, ಅರ್ಜುನ, ಕರ್ಣ ಅದರ ಕೆಳಗೆ. ಸಾತ್ಯಕಿ, ವಿದುರ ಅಗ್ಗ. ಆ ಹಣದಲ್ಲೇ ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿ, ಡ್ರೆಸ್ಸು, ಮೈಕು, ಸ್ತ್ರೀ ಪಾತ್ರದವರ ಖರ್ಚು, ಕೊನೆಯ ದಿನದ ಊಟ ಎಲ್ಲ ನಡೆಯಬೇಕು. ವಿದುರಾಶ್ವತ್ಥದಂಥ ಕ್ಷೇತ್ರವನ್ನು ಇಟ್ಟುಕೊಂಡಿರುವ ಗೌರಿಬಿದನೂರು ಸೀಮೆಯಲ್ಲೂ ವಿದುರನ ಪಾರ್ಟಿಗೆ ಜನ ಹುಡುಕಬೇಕು ಎಂಬುದು ನನಗೆ ಯಾವಾಗಲೂ ಸೋಜಿಗ. ವಿದುರ ಅಶ್ವತ್ಥ ನೆಟ್ಟನೆಂದು ಹೇಳುವ ಜಾಗಕ್ಕೆ ಕೈ ಮುಗಿಯುತ್ತೇವೆ, 1938ರ ಏಪ್ರಿಲ್ 25ರಂದು ಅಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕಕ್ಕೆ ಹೂ ಇಡುತ್ತೇವೆ, ಆದರೆ ಸ್ಟೇಜಿನ ಮೇಲೆ ವಿದುರನಾಗಲು ಒಲ್ಲೆವು. ಅವನಿಗೆ ಹಾಡು ಕಡಿಮೆ, ಅಷ್ಟೆ.

ದುಡ್ಡು ಕಟ್ಟುವ ಈ ಪದ್ಧತಿಯನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಕೈಯಿಂದ ಕಾಸು ಬಿಚ್ಚಿದವನು ತಾಲೀಮಿಗೆ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದರಿಂದ ಒಂದು ತೊಡಕೂ ಹುಟ್ಟಿದೆ. ಕಟ್ಟಿದ ಹಣಕ್ಕೆ ತಕ್ಕಷ್ಟು ಹಾಡು, ತಕ್ಕಷ್ಟು ಮಾತು ತನಗೆ ಬರಬೇಕೆಂದು ನಟ ಲೆಕ್ಕ ಹಾಕುತ್ತಾನೆ. ಪಾರ್ಟು ಅವನ ಸ್ವಂತ ಜಮೀನಾಗುತ್ತದೆ, ಪಕ್ಕದ ಜಮೀನಿನಲ್ಲಿ ಏನು ಬೆಳೆದಿದೆ ಎಂದು ಅವನು ನೋಡುವುದಿಲ್ಲ. ನಾನು ಇವತ್ತು ಹೇಳಬೇಕಾದದ್ದು ಹೆಚ್ಚುಕಡಿಮೆ ಇದೇ.

ತಾಲೀಮಿನ ವಿಚಾರಕ್ಕೆ ಬರುತ್ತೇನೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಬೆಳೆಯದ ಊರು ಕಡಿಮೆ. ಅಲ್ಲಿನ ತಾಲೀಮಿನ ಪಂಚಾಂಗ ನಡೆಯುವುದು ಹುಳುವಿನ ಮೇಲೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ದಾಟಿ ಎದ್ದ ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆಮೇಲಿನ ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ಆ ವಾರ ಕರ್ಣನೂ ಬರುವುದಿಲ್ಲ, ಶಕುನಿಯೂ ಬರುವುದಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮೇಲೆ, ಗೂಡು ಮಾರುಕಟ್ಟೆಗೆ ಹೋದ ರಾತ್ರಿ, ಎಲ್ಲರೂ ಒಟ್ಟಿಗೆ ಬರುತ್ತಾರೆ. ಗೂಡಿನ ರೇಟು ಬಿದ್ದಿದ್ದರೆ ಅವತ್ತು ದುರ್ಯೋಧನನ ದನಿಯಲ್ಲಿ ನಿಜವಾದ ಸಿಟ್ಟಿರುತ್ತದೆ. ನಟ ತನ್ನ ಬದುಕಿನ ಅನುಭವವನ್ನು ಪಾತ್ರಕ್ಕೆ ತರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಇಲ್ಲಿ ಅದನ್ನು ತರುವುದಕ್ಕೆ ಪ್ರತ್ಯೇಕ ಪಾಠ ಬೇಕಾಗಿಲ್ಲ.

ತಾಲೀಮು ಶುರುವಾಗುವುದು ಅರ್ಥದಿಂದಲ್ಲ, ಶ್ರುತಿಯಿಂದ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಮುಂದಿಟ್ಟುಕೊಂಡು ಒಬ್ಬೊಬ್ಬನನ್ನೇ ಕೂರಿಸಿ ದನಿ ಹತ್ತುವುದು ಎಲ್ಲಿಯತನಕ, ಎಲ್ಲಿ ಒಡೆಯುತ್ತದೆ ಎಂದು ನೋಡುತ್ತಾರೆ. "ನಿನ್ನ ಶ್ರುತಿ ಎರಡು ಮನೆ ಕಣಪ್ಪ, ಮೇಲಕ್ಕೆ ಹೋಗಬೇಡ" ಎಂದರೆ ಮುಗಿಯಿತು. ಆಮೇಲೆ ಕಂದ. ನಾಲ್ಕು ಸಾಲು, ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ, ಮತ್ತೆ ಹನ್ನೆರಡು, ಮತ್ತೆ ಇಪ್ಪತ್ತು. ಈ ಲೆಕ್ಕ ನಟನಿಗೆ ಗೊತ್ತಿರುವುದಿಲ್ಲ, ಬಾಯಿಗೆ ಗೊತ್ತಾಗುತ್ತದೆ. ಆಮೇಲೆ ವೃತ್ತ, ಆಮೇಲೆ ಹಾಡು, ಕಟ್ಟಕಡೆಗೆ ಮಾತು. ಪದದ ಅರ್ಥ ಕೇಳಿದರೆ ಕೆಲವು ಮೇಷ್ಟ್ರು ಹೇಳುತ್ತಾರೆ, ಕೆಲವರು "ಮೊದಲು ರಾಗಕ್ಕೆ ಕೂರಿಸು, ಅರ್ಥ ತಾನಾಗೇ ಬರುತ್ತೆ" ಎನ್ನುತ್ತಾರೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಶಬ್ದ ಗಂಟಲಿನಲ್ಲಿ ಇಳಿದು ನೆಲೆಯಾದ ಮೇಲೆ ಅರ್ಥಕ್ಕೆ ಕೂರಲು ಜಾಗ ಸಿಗುತ್ತದೆ. ಮೊದಲೇ ಅರ್ಥ ತಿಳಿದ ವಿದ್ಯಾವಂತ ನಟರು ಎಷ್ಟೋ ಸಲ ಪದ್ಯವನ್ನು ವಿವರಿಸುತ್ತಾರೆಯೇ ಹೊರತು ಹೇಳುವುದಿಲ್ಲ.

ನಮ್ಮ ಸೀಮೆಗೆ ಇನ್ನೊಂದು ಕಷ್ಟವಿದೆ, ಅದೇ ಒಂದು ಭಾಗ್ಯವೂ ಹೌದು. ಚಿಂತಾಮಣಿ, ಬಾಗೇಪಲ್ಲಿಯ ಕಡೆ ಅನೇಕರ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಕೈವಾರದ ನಾರೇಯಣ ಯತೀಂದ್ರರು ಎರಡೂ ಭಾಷೆಯಲ್ಲಿ ಹಾಡಿದ ನೆಲ ಇದು. ಹೀಗಾಗಿ ಕನ್ನಡ ಕುರುಕ್ಷೇತ್ರದ ಜೊತೆಗೆ ತಿರುಪತಿ ವೆಂಕಟ ಕವಿಗಳ ಪಾಂಡವೋದ್ಯೋಗದ ಪದ್ಯಗಳೂ, ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ಹರಿಶ್ಚಂದ್ರನ ಪದ್ಯಗಳೂ ಇಲ್ಲಿನ ಹಿರಿಯರ ನಾಲಿಗೆ ಮೇಲಿವೆ. ಉತ್ಪಲಮಾಲೆ, ಚಂಪಕಮಾಲೆ ಎರಡು ಭಾಷೆಗೂ ಸೇರಿದವು, ಎರಡನೇ ಅಕ್ಷರದ ಪ್ರಾಸವೂ ಎರಡಕ್ಕೂ ಸೇರಿದ್ದು. ತೆಲುಗಿಗೆ ಮೇಲಿಂದ ಯತಿಯ ಕಟ್ಟು. ತೆಲುಗು ಪದ್ಯ ಕಲಿತವನು ಕನ್ನಡ ವೃತ್ತವನ್ನೂ ಯತಿ ಬರಬೇಕಾದ ಜಾಗದಲ್ಲಿ ನಿಲ್ಲಿಸಿ, ರಾಗ ಎಳೆದು, ಆಮೇಲೆ ಮುಂದುವರಿಸುತ್ತಾನೆ. ತುಮಕೂರು ಕಡೆಯ ಕುರುಕ್ಷೇತ್ರ ಕೇಳಿದವರಿಗೆ ನಮ್ಮವರ ಎಳೆತ ತುಸು ಬೇರೆಯಾಗಿ ಕೇಳುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಉಚ್ಚಾರದ ಪಾಠ ಇನ್ನೊಂದು ತಮಾಷೆ. ನಮ್ಮ ಆಡುಮಾತಿನಲ್ಲಿ ಹಕಾರ ಉದುರುತ್ತದೆ, ಹಾಲು ಆಲಾಗುತ್ತದೆ. ಮೇಷ್ಟ್ರು ಗದರಿಸಿ ಗದರಿಸಿ ಹಕಾರ ಹಾಕಿಸುತ್ತಾರೆ. ಹೆದರಿದ ನಟ ಬೇಡದ ಕಡೆಯೂ ಅದನ್ನು ಹಾಕಿ 'ಹರ್ಜುನಾ' ಎಂದು ಗರ್ಜಿಸುತ್ತಾನೆ. ಮಹಾಪ್ರಾಣಕ್ಕೂ ಇದೇ ಗತಿ. ಸಭೆಯಲ್ಲಿ ನಗುವವರು ನಗಲಿ. ನಾಲ್ಕು ತಿಂಗಳು ರಾತ್ರಿ ನಿದ್ದೆಗೆಟ್ಟು ಒಂದು ಅಕ್ಷರವನ್ನು ಬಾಯಿಗೆ ತಂದುಕೊಂಡ ರೈತನಷ್ಟು ಶ್ರಮವನ್ನು ನಮ್ಮಲ್ಲಿ ಎಷ್ಟು ಜನ ಪದವೀಧರರು ಪಟ್ಟಿದ್ದಾರೆ?

ಇಲ್ಲಿಯತನಕ ಹೇಳಿದ್ದು ಬಾಯಿಯ ತಯಾರಿ. ಅದರಲ್ಲಿ ನಮ್ಮ ನಟರನ್ನು ಮೀರಿಸುವವರಿಲ್ಲ. ಇನ್ನು ಕಿವಿ.

ಪಾರ್ಟು ಬರೆದುಕೊಳ್ಳುವ ಪದ್ಧತಿ ನಿಮಗೆಲ್ಲ ಗೊತ್ತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಟ ತನ್ನ ಮಾತು, ತನ್ನ ಪದ್ಯ ಮಾತ್ರ ಬರೆದುಕೊಳ್ಳುತ್ತಾನೆ. ಎದುರು ಪಾತ್ರದ ಮಾತಿನಲ್ಲಿ ಕೊನೆಯ ಎರಡು ಮೂರು ಪದ ಮಾತ್ರ, ಅದೂ ಕೆಂಪು ಶಾಯಿಯಲ್ಲಿ. ಆ ಪದ ಕಿವಿಗೆ ಬಿದ್ದರೆ ಇವನ ಸರದಿ. ಕಂಪನಿಗಳ ಕಾಲದಿಂದ ಬಂದ ವ್ಯವಸ್ಥೆ ಇದು. ಕಾಗದ ದುಬಾರಿಯಾಗಿದ್ದ ಕಾಲಕ್ಕೆ, ಪ್ರತಿ ಹೊರಗೆ ಹೋಗಬಾರದೆಂಬ ಮಾಲೀಕರ ಎಚ್ಚರಕ್ಕೆ ಸರಿಯಾಗಿತ್ತು. ಆದರೆ ಹೀಗೆ ಕಲಿತವನು ಎದುರಿನವನ ಮಾತು ಕೇಳುವುದಿಲ್ಲ, ಅದು ಮುಗಿಯುವುದನ್ನು ಕಾಯುತ್ತಾನೆ. ಕೃಷ್ಣ ಸಂಧಾನಕ್ಕೆ ಬಂದು ಐದು ಊರು ಕೇಳುತ್ತಿರುವಾಗ ದುರ್ಯೋಧನ ಮನಸ್ಸಿನಲ್ಲೇ ತನ್ನ ಮುಂದಿನ ವೃತ್ತದ ಮೊದಲ ಅಕ್ಷರ ಹುಡುಕುತ್ತಿರುತ್ತಾನೆ. ಸಂಧಾನ ಮುರಿದುಬೀಳುವುದು ಅಲ್ಲಿಯೇ! ವ್ಯಾಸರು ಇಷ್ಟು ಸರಳ ಕಾರಣ ಕೊಟ್ಟಿರಲಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರಿನಲ್ಲಿ, ಹುಳು ಸಾಕುವ ಖಾಲಿ ಶೆಡ್ಡಿನಲ್ಲಿ ನಡೆಯುತ್ತಿದ್ದ ತಾಲೀಮು ನೋಡಲು ಹೋಗಿದ್ದೆ. ಮೂಲೆಯಲ್ಲಿ ಚಂದ್ರಿಕೆಗಳನ್ನು ಒಟ್ಟಿದ್ದರು. ಅವತ್ತು ದ್ವಾರಕೆಯ ಸೀನು. ಯುದ್ಧಕ್ಕೆ ನೆರವು ಕೇಳಲು ದುರ್ಯೋಧನ ಮೊದಲು ಬಂದು ಮಲಗಿದ ಕೃಷ್ಣನ ತಲೆಯ ಕಡೆ ಕೂರುತ್ತಾನೆ, ಅರ್ಜುನ ಆಮೇಲೆ ಬಂದು ಕಾಲ ಕಡೆ ನಿಲ್ಲುತ್ತಾನೆ. ಕಣ್ಣು ಬಿಟ್ಟ ಕೃಷ್ಣನಿಗೆ ಮೊದಲು ಕಾಣುವವನು ಅರ್ಜುನ. ಕನ್ನಡ ಕುರುಕ್ಷೇತ್ರದಲ್ಲೂ ತೆಲುಗು ಪಾಂಡವೋದ್ಯೋಗದಲ್ಲೂ ಜನ ಕಾಯುವ ಸೀನು ಇದು.

ಕೃಷ್ಣನ ಪಾರ್ಟಿನವನು ಮೂವತ್ತರ ಆಸುಪಾಸಿನ ಹುಡುಗ. ಬೆಂಚಿನ ಮೇಲೆ ಮಲಗಿದ, ಕಣ್ಣು ಮುಚ್ಚಿದ. ದುರ್ಯೋಧನ ಬಂದು ಹಾಡು ಶುರುಮಾಡಿದ. ಹಾಡು ಉದ್ದ, ಆಮೇಲೆ ಸ್ವಗತ, ಆಮೇಲೆ ಅರ್ಜುನನ ಪ್ರವೇಶ, ಇಬ್ಬರ ಕೊಂಕು ಮಾತು. ಅಷ್ಟು ಹೊತ್ತು ಮಲಗಿದ ಹುಡುಗ ನಿಜಕ್ಕೂ ನಿದ್ದೆ ಹೋದ. ಬೆಳಗ್ಗೆಯಿಂದ ಸೊಪ್ಪು ಹೊತ್ತ ಮೈ, ಪಾಪ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಪೆಟ್ಟಿಗೆಯ ತಿದಿ ಮುಚ್ಚಿ ಕೇಳಿದರು: "ಏನಪ್ಪ, ಕೃಷ್ಣ ನಿದ್ದೆ ಮಾಡ್ತಿದ್ದಾನೋ, ನಿದ್ದೆ ಬಂದೋನ ಥರ ಮಲಗಿದ್ದಾನೋ?"

"ನಿದ್ದೆ ಬಂದೋನ ಥರ, ಮೇಷ್ಟ್ರೇ."

"ಹಾಗಾದ್ರೆ ಅವನಿಗೆ ಎಲ್ಲಾ ಕೇಳಿಸ್ತಿದೆ ತಾನೆ? ದುರ್ಯೋಧನ ಏನಂದ ಹೇಳು."

ಹುಡುಗನ ಬಾಯಿಂದ ಮಾತು ಹೊರಡಲಿಲ್ಲ. ಅವನ ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲಿ ಇದ್ದದ್ದು ಎರಡು ಕೆಂಪು ಪದ.

ಮೇಷ್ಟ್ರು ಮುಂದಿನ ಒಂದು ವಾರ ಕೃಷ್ಣನಿಗೆ ಒಂದೂ ಹಾಡು ಕೊಡಲಿಲ್ಲ. ದುರ್ಯೋಧನ ಹಾಡುವುದು, ಅರ್ಜುನ ಮಾತಾಡುವುದು, ಕೃಷ್ಣ ಮಲಗಿ ಕೇಳುವುದು. ಕಣ್ಣು ಬಿಟ್ಟ ಮೇಲೆ ಅವರು ಆಡಿದ್ದನ್ನು ತನ್ನ ಮಾತಿನಲ್ಲಿ ಒಪ್ಪಿಸುವುದು. ದುಡ್ಡು ಕಟ್ಟಿದ ಹುಡುಗನ ಅಪ್ಪನಿಗೆ ಇದು ಹಿಡಿಸಲಿಲ್ಲ. "ನಮ್ಮ ಹುಡುಗನ್ನ ಮಲಗಿಸೋಕೆ ಇಷ್ಟು ಕಟ್ಟಿದ್ದಾ ಮೇಷ್ಟ್ರೇ?" ಎಂದು ಜಗಳಕ್ಕೇ ಬಂದರು. ಮೇಷ್ಟ್ರು "ಎದ್ದ ಮೇಲೆ ನೋಡಿ ಗೌಡ್ರೇ" ಎಂದು ಎಲೆ ಅಡಿಕೆ ಮುಂದಿಟ್ಟರು.

ನಾಟಕದ ರಾತ್ರಿ ನಾನೂ ಇದ್ದೆ. ಕೃಷ್ಣ ಮಲಗಿದ್ದ ಅಷ್ಟು ಹೊತ್ತೂ ಜನ ದುರ್ಯೋಧನನನ್ನು ಬಿಟ್ಟು ಕೃಷ್ಣನ ಮುಖ ನೋಡಿದರು. ದುರ್ಯೋಧನ ತನ್ನ ಸೇನೆ, ಸಂಪತ್ತು ಕೊಚ್ಚಿಕೊಂಡಾಗ ಮುಚ್ಚಿದ ಕಣ್ಣಿನ ಕೆಳಗೆ ತುಟಿಯ ಒಂದು ತುದಿ ಒಂಚೂರು ಸರಿಯಿತು, ಅಷ್ಟೆ. ಅರ್ಜುನ ಬಂದು ಏನೂ ಮಾತಾಡದೆ ಕೈಕಟ್ಟಿ ನಿಂತಾಗ ಉಸಿರಾಟ ನಿಧಾನವಾಯಿತು. ಎದ್ದು ಕೂತು, ಯಾದವ ಸೇನೆ ಬೇಕೋ, ಆಯುಧ ಹಿಡಿಯದ ನಾನು ಬೇಕೋ ಎಂದು ಕೇಳಿದಾಗ ಆ ಪ್ರಶ್ನೆಗೆ ತೂಕ ಬಂದಿತ್ತು. ಯಾಕೆಂದರೆ ಯಾರು ಯಾವುದನ್ನು ಕೇಳುತ್ತಾರೆಂದು ಅವನಿಗೆ ಮೊದಲೇ ಕೇಳಿಸಿತ್ತು. ಭರತಮುನಿ ಸಾತ್ವಿಕ ಅಭಿನಯ ಎಂದದ್ದನ್ನೇ ಈ ಮೇಷ್ಟ್ರು ಬೆಂಚಿನ ಮೇಲೆ ಮಲಗಿಸಿ ಕಲಿಸಿದ್ದರು. ಅವರು ನಾಟ್ಯಶಾಸ್ತ್ರ ಓದಿದವರಲ್ಲ.

ಹಾಗೆಂದು ಎಲ್ಲ ಮೇಷ್ಟ್ರುಗಳೂ ಹೀಗೆ ಮಾಡುತ್ತಾರೆಂದು ಹೇಳಿದರೆ ಮುಂದಿನ ಸಾಲಿನವರೇ ನಗುತ್ತಾರೆ. ಒಂದೇ ಹಂಗಾಮಿನಲ್ಲಿ ಮೂರು ಊರು ಒಪ್ಪಿಕೊಂಡವರಿಗೆ ಅಷ್ಟು ಪುರುಸೊತ್ತೆಲ್ಲಿ?

ಕೇಳಿಸಿಕೊಳ್ಳುವ ವಿದ್ಯೆಯನ್ನು ನಮ್ಮ ಸೀಮೆಯ ನಾಟಕದಲ್ಲಿ ಪೂರ್ತಿ ಕರಗತ ಮಾಡಿಕೊಂಡವರೆಂದರೆ ಸ್ತ್ರೀ ಪಾತ್ರದ ಕಲಾವಿದೆಯರು. ಅವರ ಬಗ್ಗೆ ದತ್ತಿ ಉಪನ್ಯಾಸಗಳಲ್ಲಿ ಯಾರೂ ಮಾತಾಡುವುದಿಲ್ಲ. ಹೊರಗಿನಿಂದ ಕರೆಸುವ ಈ ಹೆಣ್ಣುಮಕ್ಕಳು ನಿನ್ನೆ ಒಂದು ಊರಿನ ದ್ರೌಪದಿ, ಇವತ್ತು ನಿಮ್ಮೂರಿನ ದ್ರೌಪದಿ, ನಾಳೆ ಮತ್ತೊಂದು ಊರಿನ ರುಕ್ಮಿಣಿ. ನಿಮ್ಮ ಭೀಮನೊಡನೆ ನಾಲ್ಕು ತಿಂಗಳು ತಾಲೀಮು ಮಾಡುವ ಅನುಕೂಲ ಅವರಿಗಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದು ಇಳಿದು, ಮುಖ ತೊಳೆದು, ಮೊದಲು ಕೇಳುವುದು ಎರಡೇ ಮಾತು: "ಅಣ್ಣಾ, ನಿಮ್ಮ ಶ್ರುತಿ ಯಾವುದು? ಯಾವ ಮಾತಿಗೆ ನನಗೆ ಬಿಡ್ತೀರ?" ಊರೂರಿಗೂ ಬೇರೆಯಾಗಿರುವ ಮೇಷ್ಟ್ರ ಪಾಠಗಳೆಲ್ಲ ಅವರ ತಲೆಯಲ್ಲಿವೆ. ಭೀಮ ಮಾತು ಮರೆತರೆ ಅವರೇ ಅದನ್ನು ಪ್ರಶ್ನೆಯ ರೂಪದಲ್ಲಿ ಎತ್ತಿ ಅವನ ಬಾಯಿಗೆ ಇಡುತ್ತಾರೆ. ಬಿಚ್ಚಿದ ಮುಡಿಯ ದ್ರೌಪದಿ ಅಳುತ್ತಲೇ ಅವನಿಗೆ ಪಾಠ ಹೇಳಿಕೊಡುವುದನ್ನು ಕೆಳಗೆ ಕೂತವರು ಗುರುತಿಸುವುದೂ ಇಲ್ಲ. ಭೀಮನಿಗೆ ಮಾತ್ರ ಗೊತ್ತಿರುತ್ತದೆ. ಬೆಳಗ್ಗೆ ಹಾರ ಹಾಕಿಸಿಕೊಳ್ಳುವವನು ಅವನೇ.

ಹಾರದ ಮಾತು ಬಂತು. ಈ ಹಾರಕ್ಕೆ ಯಾವ ನಟನಾ ಶಾಸ್ತ್ರದಲ್ಲೂ ತಯಾರಿ ಹೇಳಿಲ್ಲ. ದುರ್ಯೋಧನ ಸಿಟ್ಟಿನ ತುದಿಯಲ್ಲಿ ಗದೆ ಎತ್ತಿರುತ್ತಾನೆ. ಆಗಲೇ ಅವನ ಭಾವಮೈದ ನೋಟಿನ ಹಾರ ಹಿಡಿದು ಸ್ಟೇಜು ಹತ್ತುತ್ತಾನೆ, ಹಿಂದೆಯೇ ಫೋಟೋದವನು. ಸಿಟ್ಟನ್ನು ಪಕ್ಕಕ್ಕಿಟ್ಟು, ಹಾರ ಹಾಕಿಸಿಕೊಂಡು, ನಕ್ಕು, ಮತ್ತೆ ಅದೇ ಮೆಟ್ಟಿಲಿನ ಸಿಟ್ಟಿಗೆ ಹಿಂತಿರುಗುವ ದುರ್ಯೋಧನರನ್ನು ನಾನು ನೋಡಿದ್ದೇನೆ. ಲಂಡನ್ನಿನ ನಟರಿಗೂ ಅದು ಸುಲಭವಲ್ಲ.

ಡ್ರೆಸ್ಸಿನ ಬಗ್ಗೆ ಒಂದು ಮಾತು ಹೇಳದೆ ಬಿಡಲಾಗದು. ಲುಂಗಿ ಉಟ್ಟು, ಟವೆಲ್ಲನ್ನೇ ಗದೆ ಮಾಡಿಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿದವನಿಗೆ ಕಿರೀಟ, ಭುಜಕೀರ್ತಿ, ಎದೆಗೆ ಕಟ್ಟುವ ಆಭರಣ ಸಿಗುವುದು ನಾಟಕದ ದಿನ ಸಂಜೆ, ಬಾಡಿಗೆ ಪೆಟ್ಟಿಗೆ ಬಂದಾಗ. ಕಿರೀಟ ಇಟ್ಟ ಮೇಲೆ ಕತ್ತು ಅರ್ಧದಷ್ಟೇ ತಿರುಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ, ಕೂರಬೇಕೆಂದರೆ ಸೊಂಟದ ಪಟ್ಟಿ ಒತ್ತುತ್ತದೆ. ಕಲಿತ ನಡಿಗೆ ಅಲ್ಲಿಗೆ ಮುಗಿಯಿತು. ಕೊನೆಯ ಹತ್ತು ದಿನಕ್ಕಾದರೂ ಹಳೆಯದೊಂದು ಕಿರೀಟ ತರಿಸಿ ಸರದಿಯಂತೆ ಎಲ್ಲರ ತಲೆಗೂ ಇಟ್ಟು ನಡೆಸಿದರೆ ಖರ್ಚು ಹೆಚ್ಚಾಗದು. ಕಿವಿಯ ಮೇಲೆ ಕೂತ ತಗಡಿನ ಒಳಗಿಂದ ಎದುರಿನವನ ಮಾತು ಎಷ್ಟು ಕೇಳುತ್ತದೆ ಎಂಬುದಾದರೂ ಮೊದಲೇ ಗೊತ್ತಾಗುತ್ತದೆ.

ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿ ನಾಟಕವಾಡುವ ಹುಡುಗ ಹುಡುಗಿಯರ ತಯಾರಿ ಬೇರೆ ಥರದ್ದು. ಎಲ್ಲರೂ ಎಲ್ಲರ ಮಾತನ್ನೂ ಓದುತ್ತಾರೆ, ಪಾತ್ರ ಹಂಚಿಕೆ ಆಮೇಲೆ. ನಮ್ಮ ಪೌರಾಣಿಕ ನಾಟಕದವರೂ ಅವರೂ ಒಬ್ಬರ ತಾಲೀಮಿಗೆ ಒಬ್ಬರು ಹೋಗುವುದಿಲ್ಲ. ಇವರಿಗೆ ಅವರ ಹಾಡು ಗೊತ್ತಿಲ್ಲ, ಅವರಿಗೆ ಇವರ ಕಂದ ಗೊತ್ತಿಲ್ಲ. ಅರವತ್ತು ಎಪ್ಪತ್ತು ಕಿಲೋಮೀಟರಿನ ಒಳಗೆ ಇಷ್ಟು ದೂರ ಯಾಕೆ ಎಂಬುದು ಇನ್ನೊಂದು ಉಪನ್ಯಾಸದ ವಿಷಯ, ಅದನ್ನು ಬೇರೆಯವರಿಗೆ ಬಿಡುತ್ತೇನೆ.

ಒಂದು ಕೋರಿಕೆ ಮುಂದಿಟ್ಟು ಮಾತು ಮುಗಿಸುತ್ತೇನೆ. ನಿಮ್ಮಲ್ಲಿ ಅನೇಕರ ಮನೆಯ ಟ್ರಂಕಿನಲ್ಲಿ ಅಜ್ಜನ ಪಾರ್ಟಿನ ಪುಸ್ತಕ ಇರಬಹುದು. ತೆಲುಗು ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡವು ಇವೆ. ಮಗ್ಗುಲಲ್ಲಿ ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ: ಇಲ್ಲಿ ಉಸಿರು, ಇಲ್ಲಿ ಎರಡು ಹೆಜ್ಜೆ, ಇಲ್ಲಿ ಮೋಹನ ಬಿಟ್ಟು ಕಲ್ಯಾಣಿಗೆ ಬಾ. ನಮ್ಮ ಜಿಲ್ಲೆಯಲ್ಲಿ ನಟರು ಹೇಗೆ ತಯಾರಾದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಯಾವುದೂ ಸಿಗುವುದಿಲ್ಲ, ಗೆದ್ದಲು ಅದನ್ನು ಓದುತ್ತಿದೆ. ಪುಸ್ತಕವನ್ನು ಯಾರಿಗೂ ಕೊಡಬೇಡಿ, ಕೊಟ್ಟದ್ದು ಹಿಂತಿರುಗಿ ಬರುವುದಿಲ್ಲ. ಮೊಬೈಲಿನಲ್ಲಿ ಪುಟಪುಟವಾಗಿ ಫೋಟೋ ತೆಗೆದು ಒಂದು ಪ್ರತಿಯನ್ನು ನಿಮ್ಮೂರಿನ ಗ್ರಂಥಾಲಯಕ್ಕೆ, ಇನ್ನೊಂದನ್ನು ಈ ದತ್ತಿ ಮನೆಯವರಿಗೆ ಕಳಿಸಿ. ಅಜ್ಜ ದುರ್ಯೋಧನನಾಗಿದ್ದರೆ ಅವರ ಎದುರು ಕೃಷ್ಣನಾಗಿದ್ದವರ ಮನೆ ಯಾವುದೆಂದು ಊರಲ್ಲಿ ಯಾರಿಗಾದರೂ ನೆನಪಿರುತ್ತದೆ. ಅವರ ಮನೆಗೂ ಹೋಗಿ ಆ ಪುಸ್ತಕದ ಫೋಟೋವನ್ನೂ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದು ಸೀನು ಪೂರ್ತಿಯಾಗುತ್ತದೆ.